ನಾಲ್ಕು ಸಿಂಬಿಗಳ ಮೇಲೆ ಒಂದು ಪ್ರೊಸೆಸರ್

ಚಳ್ಳಕೆರೆಯ ನನ್ನ ಅಂಗಡಿಯಲ್ಲಿ ಇದ್ದಷ್ಟು ಹೊತ್ತು ಆ ಪ್ರೊಸೆಸರ್ ಹೇಳಿದ ಮಾತು ಕೇಳುವ ಕೂಸು. ಬೆಳಗಿನಿಂದ ಸಂಜೆಯವರೆಗೆ ದುಡಿಸಿದರೂ ಮುಖ ಸಿಂಡರಿಸುತ್ತಿರಲಿಲ್ಲ. ಮೊಳಕಾಲ್ಮುರಿನ ಆ ಮಗ್ಗದ ಮನೆಗೆ ಹೋಗಿ ಕೂತಿತೋ, ಕೆಲಸದ ನಡುವೆ ದೀಪ ಆರಿದ ಹಾಗೆ ಆರಿಹೋಗುತ್ತಿತ್ತು. ಎರಡು ಊರಿನ ನಡುವೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಓಡಾಡಿದ ಆ ಬೇಸಿಗೆಯನ್ನು ನೆನೆದರೆ ಈಗ ನಗು ಬರುತ್ತದೆ. ಆಗ ಬರುತ್ತಿದ್ದದ್ದು ಬರೀ ಸಿಟ್ಟು. ನನಗೆ ಸಿಟ್ಟು ಬೇಗ, ಅದರಲ್ಲೂ ತಿರುಗಿ ಮಾತಾಡದ ವಸ್ತುಗಳ ಮೇಲೆ ಇನ್ನೂ ಬೇಗ.

ಆ ಕಂಪ್ಯೂಟರ್ ಕೇಳಿಕೊಂಡು ಬಂದವಳು ಮದುವೆ ವಿಡಿಯೊ ಎಡಿಟ್ ಮಾಡುವ ಹೆಣ್ಣುಮಗಳು. ಬಳ್ಳಾರಿ ಕಡೆಯ ಒಂದು ಸ್ಟುಡಿಯೋದವರು ಮದುವೆಮನೆಗಳಲ್ಲಿ ಶೂಟ್ ಮಾಡಿದ್ದನ್ನೆಲ್ಲ ಹಾರ್ಡ್ ಡಿಸ್ಕಿಗೆ ತುಂಬಿ ಅವಳಿಗೆ ಕಳಿಸುತ್ತಿದ್ದರು. ಅವಳು ಬೇಡದ್ದನ್ನು ಕತ್ತರಿಸಿ, ಬೇಕಾದ್ದನ್ನು ಜೋಡಿಸಿ, ಬಣ್ಣ ತಿದ್ದಿ, ಹಾಡು ಕೂಡಿಸಿ ಕೊಡಬೇಕು. ಕೊನೆಗೆ ಅಷ್ಟನ್ನೂ ಸೇರಿಸಿ ಒಂದೇ ಫೈಲ್ ಮಾಡುವ ಕೆಲಸವಿರುತ್ತದೆ, ಅದಕ್ಕೆ ರೆಂಡರ್ ಎನ್ನುತ್ತಾರೆ. ಅದರಲ್ಲಿ ಮನುಷ್ಯರು ಮಾಡುವುದೇನೂ ಇಲ್ಲ. ಬಟನ್ ಒತ್ತಿ, ಪ್ರೊಸೆಸರ್ ಬೆವರುವುದನ್ನು ನೋಡುತ್ತ ಕೂರಬೇಕು ಅಷ್ಟೇ. ಅವಳ ಹಳೆಯ ಕಂಪ್ಯೂಟರ್ ಅದಕ್ಕೆ ತೆಗೆದುಕೊಳ್ಳುತ್ತಿದ್ದ ಸಮಯಕ್ಕಿಂತ ಮೊದಲೇ ಕರೆಂಟು ಹೋಗುತ್ತಿತ್ತು. ಯುಪಿಎಸ್ ಸ್ವಲ್ಪ ಹೊತ್ತು ಎಳೆದು ಕೈಬಿಡುತ್ತಿತ್ತು. ಕರೆಂಟು ಬಂದ ಮೇಲೆ ಮತ್ತೆ ಮೊದಲಿನಿಂದ ಶುರು.

“ಅಣ್ಣಾ, ನಂಗೆ ಚೆಂದಂದು ಬ್ಯಾಡ, ಬಣ್ಣಬಣ್ಣದ ಲೈಟ್ ಹತ್ತೋದು ಬ್ಯಾಡ,” ಅಂದಳು. “ಕರೆಂಟು ಹೋಗೋದ್ರೊಳಗೆ ಕೆಲ್ಸ ಮುಗಿಸ್ಬೇಕು. ಅಂಥದ್ದು ಒಂದು ಮಾಡ್ಕೊಡು. ಸ್ಟುಡಿಯೋದವ್ರು ಈಗಾಗ್ಲೇ ಮುಖ ಊದಿಸ್ಕಂಡವ್ರೆ.”

ವಿಡಿಯೊ ಕೆಲಸಕ್ಕೆ ಹೇಳಿ ಮಾಡಿಸಿದ ದೊಡ್ಡ ಗ್ರಾಫಿಕ್ಸ್ ಕಾರ್ಡುಗಳಿವೆ. ಆಗಿನ ಬೆಲೆಗೆ ಅವು ಅವಳ ಕೈಗೂ ಎಟುಕುತ್ತಿರಲಿಲ್ಲ, ನನ್ನ ಅಂಗಡಿಯ ಕಪಾಟಿಗೂ ಎಟುಕುತ್ತಿರಲಿಲ್ಲ. ನನ್ನ ಹತ್ತಿರ ಇದ್ದದ್ದು ಒಂದು ಸೆಕೆಂಡ್ ಹ್ಯಾಂಡ್ ಪ್ರೊಸೆಸರ್. ಒಳ್ಳೆಯ ಜಾತಿಯದು, ಬೀಗ ಹಾಕದ್ದು. ಪ್ರೊಸೆಸರ್ ತಯಾರಿಸುವವರು ಅದಕ್ಕೆ ಇಷ್ಟೇ ವೇಗದಲ್ಲಿ ಓಡಬೇಕೆಂದು ಗೊತ್ತು ಮಾಡಿ ಕಳಿಸಿರುತ್ತಾರೆ. ಎಲ್ಲ ಊರಿನ ಬಿಸಿಲಿಗೂ, ಎಲ್ಲರ ಮನೆಯ ದೂಳಿಗೂ ಆಗಿಬರಲಿ ಎಂದು ಸ್ವಲ್ಪ ಕೈ ಹಿಡಿದೇ ಗೊತ್ತುಮಾಡಿರುತ್ತಾರೆ. ಬೀಗ ಹಾಕದ ಪ್ರೊಸೆಸರಿನಲ್ಲಿ ಆ ಮಿತಿಯನ್ನು ನಾವೇ ಮೇಲಕ್ಕೆ ಸರಿಸಬಹುದು. ಅದೇ ಓವರ್‌ಕ್ಲಾಕ್. ಅದು ಮೋಸವೂ ಅಲ್ಲ, ಪವಾಡವೂ ಅಲ್ಲ. ವೇಗ ಹೆಚ್ಚಿಸಿದರೆ ವೋಲ್ಟೇಜ್ ಹೆಚ್ಚು ಬೇಕು, ವೋಲ್ಟೇಜ್ ಹೆಚ್ಚಿದರೆ ಬಿಸಿ ಹೆಚ್ಚುತ್ತದೆ, ಬಿಸಿ ಹೆಚ್ಚಿದರೆ ಅದನ್ನು ಹೊರಗೆ ಹಾಕುವ ದಾರಿ ಇರಬೇಕು. ಈ ಮೂರನ್ನೂ ಸಂಭಾಳಿಸುವವನಿಗೆ ಅದೇ ದುಡ್ಡಿಗೆ ಇನ್ನೊಂದಿಷ್ಟು ಕೆಲಸ ಸಿಗುತ್ತದೆ.

ನಾನು ಆ ಕೆಲಸವನ್ನು ಪ್ರೀತಿಯಿಂದ ಮಾಡುತ್ತೇನೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ನಮ್ಮದು ಕುರಿ ಸಾಕಿದ ಮನೆತನ. ಒಂದೇ ತಾಯಿಯ ಎರಡು ಮರಿಗಳ ಬುದ್ಧಿ ಬೇರೆಬೇರೆ ಇರುತ್ತದೆ ಎನ್ನುವುದು ನನಗೆ ನಡೆಯಲು ಕಲಿಯುವಾಗಲೇ ಗೊತ್ತಾದ ವಿಷಯ. ಪ್ರೊಸೆಸರಿನ ಚಿಪ್ಪುಗಳೂ ಹಾಗೆಯೇ. ಒಂದೇ ಹೆಸರು, ಒಂದೇ ನಂಬರಿನ ಎರಡು ಚಿಪ್ಪು ತಂದರೆ ಒಂದು ಬೆನ್ನು ತಟ್ಟಿದರೆ ಓಡುತ್ತದೆ, ಇನ್ನೊಂದು ಅಲ್ಲೇ ಮಲಗುತ್ತದೆ. ಕೈಗೆ ಬಂದದ್ದರ ಬುದ್ಧಿ ಎಂಥದ್ದೆಂದು ಸಮಾಧಾನದಿಂದ ನೋಡಬೇಕು.

ಇದರ ಗುಣಕ ನಲವತ್ಮೂರಕ್ಕೆ ನಿಲ್ಲುತ್ತಿತ್ತು. ಗುಣಕ ಎಂದರೆ ಪ್ರೊಸೆಸರಿನ ವೇಗವನ್ನು ನಿರ್ಧರಿಸುವ ಸಂಖ್ಯೆ. ಕಂಪ್ಯೂಟರ್ ಶುರುವಾಗುವ ಮೊದಲು ಬರುವ ನೀಲಿ ಪುಟದಲ್ಲಿ ಅದನ್ನು ಬದಲಿಸಬಹುದು. ಒಂದೊಂದಾಗಿ ಏರಿಸುತ್ತ ಹೋದೆ. ಪ್ರತಿ ಸಲ ಏರಿಸಿದಾಗಲೂ ಅದಕ್ಕೆ ಕಷ್ಟದ ಲೆಕ್ಕ ಕೊಡುತ್ತಿದ್ದೆ. ಪರೀಕ್ಷೆಗೆಂದೇ ಮಾಡಿದ ಪ್ರೋಗ್ರಾಮುಗಳಿವೆ, ಮೊದಲೇ ಉತ್ತರ ಗೊತ್ತಿರುವ ದೊಡ್ಡ ದೊಡ್ಡ ಲೆಕ್ಕಗಳನ್ನು ಪ್ರೊಸೆಸರಿನ ತಲೆಯ ಮೇಲೆ ಸುರಿಯುತ್ತವೆ. ಒಂದೇ ಒಂದು ಉತ್ತರ ತಪ್ಪಿದರೂ ಹೇಳಿಬಿಡುತ್ತವೆ. ನಲವತ್ತೆಂಟಕ್ಕೆ ಏರಿಸಿದ ಕೂಡಲೇ ಪರದೆ ನೀಲಿಯಾಗಿ ಕಂಪ್ಯೂಟರ್ ಬಿದ್ದುಹೋಯಿತು. ನಲವತ್ತೇಳರಲ್ಲಿ ಬೀಳಲಿಲ್ಲ, ಆದರೆ ಮಧ್ಯಾಹ್ನದ ಹೊತ್ತಿಗೆ ಒಂದು ಲೆಕ್ಕ ತಪ್ಪು ಮಾಡಿತು. ಇದು ಬೀಳುವುದಕ್ಕಿಂತ ಕೆಟ್ಟದ್ದು. ಬಿದ್ದರೆ ಕಣ್ಣಿಗೆ ಕಾಣುತ್ತದೆ, ತಪ್ಪು ಲೆಕ್ಕ ಮಾಡಿಕೊಂಡು ಸುಮ್ಮನೆ ನಡೆಯುವುದು ಕಾಣುವುದಿಲ್ಲ. ವೋಲ್ಟೇಜನ್ನು ಕೂದಲೆಳೆಯಷ್ಟು ಏರಿಸಿದೆ. ಪ್ರೊಸೆಸರಿನ ತಲೆಯ ಮೇಲಿನ ಕೂಲರ್ ಬಿಚ್ಚಿ, ಬಿಸಿಯನ್ನು ಅದಕ್ಕೆ ದಾಟಿಸುವ ಪೇಸ್ಟ್ ಹೊಸದಾಗಿ ಹಚ್ಚಿದೆ. ಮತ್ತೆ ಪರೀಕ್ಷೆಗೆ ಹಚ್ಚಿದಾಗ ಇಡೀ ದಿನ ಒಂದೂ ತಪ್ಪಿಲ್ಲದೆ ಓಡಿತು.

ಚಳ್ಳಕೆರೆಯ ಬೇಸಿಗೆಯಲ್ಲಿ, ಅಂಗಡಿಯನ್ನು ತಂಪು ಮಾಡುವ ನೀರಿನ ಕೂಲರನ್ನು ಬೇಕೆಂದೇ ಆಫ್ ಮಾಡಿ ನಾನು ಈ ಪರೀಕ್ಷೆ ಮಾಡಿದ್ದೆ. ಇಲ್ಲಿ ತಡೆದದ್ದು ಎಲ್ಲಿಯಾದರೂ ತಡೆಯುತ್ತದೆ ಎನ್ನುವುದು ನನ್ನ ಹೆಮ್ಮೆ. ಬೆವರು ಒರೆಸಿಕೊಳ್ಳುತ್ತ ಕೂತ ನನ್ನನ್ನು ನೋಡಿ ಅವ್ವ, “ಅದರ ಜೊತಿಗೆ ನಿನ್ನೂ ಪರೀಕ್ಷೆ ಮಾಡ್ಕಂತಿದೀಯೇನೋ,” ಅಂದಳು.

ಅವ್ವನ ವಿಷಯ ಇಲ್ಲಿ ಹೇಳಲೇಬೇಕು. ಅಂಗಡಿಯ ಹಿಂದೆಯೇ ನಮ್ಮ ಮನೆ. ಅವ್ವ ತನ್ನ ತವರು ನನ್ನಿವಾಳದಿಂದ ಉಣ್ಣೆ ತರಿಸಿಕೊಂಡು ಈಗಲೂ ನೂಲು ತೆಗೆಯುತ್ತಾಳೆ, ಕಂಬಳಿ ನೇಯಿಸುತ್ತಾಳೆ. ಮೊದಲಿನ ಹಾಗೆ ಕೊಳ್ಳುವವರಿಲ್ಲ. ನನ್ನ ಅಂಗಡಿಯಿಂದ ಹೊಸ ಕಂಪ್ಯೂಟರ್ ಹೊರಟಾಗ ಮಾತ್ರ ಅವಳು ತಪ್ಪದೆ ಒಂದು ತುಂಡು ಕಂಬಳಿ ತಂದು ಕೊಡುತ್ತಾಳೆ. ದಾರಿಯಲ್ಲಿ ಅದು ಕುಲುಕದಂತೆ ಸುತ್ತಿಕೊಂಡು ಹೋಗಬೇಕು, ಹೋದ ಮೇಲೆ ಅದನ್ನೇ ಮಡಿಸಿ ಹಾಸಿ ಮೇಲೆ ಕಂಪ್ಯೂಟರ್ ಕೂರಿಸಬೇಕು. ನಮ್ಮಲ್ಲಿ ದೇವರ ಕಾರ್ಯವಿರಲಿ, ಮದುವೆಯಿರಲಿ, ಮೊದಲು ಬೀಳುವುದು ಕರಿ ಕಂಬಳಿಯ ಗದ್ದಿಗೆ.

“ಅವ್ವ, ಅದು ದೇವ್ರಲ್ಲ, ಕಂಪ್ಯೂಟ್ರು,” ಎಂದು ನಾನು ಮೊದಮೊದಲು ಹೇಳಿದ್ದುಂಟು.

“ಅನ್ನ ಹಾಕೋದು ಹೌದೋ ಅಲ್ಲೋ?” ಅಂದಿದ್ದಳು ಅವ್ವ. “ಮತ್ತೆ ಬರಿ ನೆಲದ ಮ್ಯಾಲೆ ಯಾಕೆ ಕುಂದ್ರುಸ್ತೀಯಾ?”

ಆ ಮೇಲೆ ನಾನು ವಾದಿಸಿಲ್ಲ. ಗಿರಾಕಿಗಳಿಗೂ ಅದು ಹಿಡಿಸಿತ್ತು. ಸೊಸೈಟಿಯಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ, ಎಣ್ಣೆ ಮಿಲ್ಲಿನ ಆಫೀಸಿನಲ್ಲಿ ನನ್ನ ಕಂಪ್ಯೂಟರುಗಳೆಲ್ಲ ಅವ್ವನ ಕಂಬಳಿಯ ಮೇಲೆ ಕೂತು ಬಿಲ್ಲು ಹಾಕುತ್ತಿವೆ.

ಮೊಳಕಾಲ್ಮುರಿನ ಬಸ್ಸಿನಲ್ಲಿ ಕಂಬಳಿ ಸುತ್ತಿದ ಕ್ಯಾಬಿನೆಟ್ ಹಿಡಿದು ಕೂತಾಗ ಕಂಡಕ್ಟರು ಕುರಿಮರಿಗೆ ಅರ್ಧ ಟಿಕೆಟ್ ಕೊಡಲೇ ಎಂದು ಕೇಳಿದ. ಮಗ್ಗದ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಪಡಸಾಲೆಯ ಒಂದು ಕಡೆ ಮಗ್ಗ, ಅದರಲ್ಲಿ ಅರ್ಧ ನೇಯ್ದ ರೇಷ್ಮೆ ಸೀರೆ. ಇನ್ನೊಂದು ಕಡೆ ಇವಳ ಮೇಜು. ಮಗ್ಗದಲ್ಲಿ ಕೂತಿದ್ದವರು ಅವಳ ಮಾವ, ಮನೆಯ ಯಜಮಾನರು. ಗಾಳಿ ಆಡಿದರೆ ರೇಷ್ಮೆ ಎಳೆ ಒಣಗಿ ಹರಿಯುತ್ತದೆಂದು ಕಿಟಕಿಗಳನ್ನು ಮುಚ್ಚಿದ್ದರು. ನಾನು ಮೇಜಿನ ಮೇಲೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ ಕ್ಯಾಬಿನೆಟ್ಟನ್ನು ಇಡುವುದನ್ನು ನೋಡಿ ಯಜಮಾನರು ಲಾಳಿ ನಿಲ್ಲಿಸಿದರು.

“ಏಮಿ ನಾಯನಾ, ಗದ್ದಿಗೆ ಹಾಕ್ತಿದೀಯಾ,” ಅಂದರು. ಆ ಕಡೆಯ ಹಿರಿಯರ ಮಾತಿನಲ್ಲಿ ತೆಲುಗು ಹಾಗೇ ಬಂದು ಹೋಗುತ್ತದೆ. “ಯಾರು ಕಲಿಸಿದ್ರು?”

“ನಮ್ಮವ್ವ ರೀ.”

“ಮಂಚಿದಿ, ಒಳ್ಳೇದು,” ಎಂದು ಎದ್ದು ಬಂದು ಕ್ಯಾಬಿನೆಟ್ಟಿನ ಮುಂಭಾಗಕ್ಕೆ ಮೂರು ಬೆರಳಲ್ಲಿ ವಿಭೂತಿ ಎಳೆದರು. ಅವಳು ಒಂದು ಚಿಕ್ಕ ಹಾಡಿನ ತುಣುಕನ್ನು ರೆಂಡರಿಗೆ ಹಾಕಿದಳು. ಅವಳು ಲೋಟಕ್ಕೆ ಚಹಾ ಸೋಸುವುದರೊಳಗೆ ಅದು ಮುಗಿದಿತ್ತು. ಪರದೆಯನ್ನೂ ಚಹಾವನ್ನೂ ನೋಡಿ ಅವಳು ನಕ್ಕ ನಗು ನನಗೆ ಆ ತಿಂಗಳ ಸಂಪಾದನೆ.

ಮಾರನೆಯ ದಿನ ಫೋನ್ ಬಂತು. ಒಂದು ಪೂರ್ತಿ ಮದುವೆಯನ್ನು ರೆಂಡರಿಗೆ ಹಾಕಿದ್ದಾಳೆ, ಅರ್ಧಕ್ಕೆ ಬಂದಾಗ ಸಿಸ್ಟಮ್ ಆಫ್. ಕರೆಂಟು ಹೋಗಿಲ್ಲ, ಮಾನಿಟರ್ ಉರಿಯುತ್ತಲೇ ಇದೆ. ನೀಲಿ ಪರದೆ ಇಲ್ಲ, ಸೂಚನೆ ಇಲ್ಲ, ಫಕ್ಕನೆ ಕತ್ತಲು. ಒಂದಷ್ಟು ಹೊತ್ತು ಬಟನ್ ಒತ್ತಿದರೂ ಏಳಲಿಲ್ಲವಂತೆ, ಆಮೇಲೆ ಏನೂ ಆಗಿಲ್ಲವೆನ್ನುವ ಹಾಗೆ ಎದ್ದಿತಂತೆ.

ಹೋಗಿ ನೋಡಿದೆ. ಕ್ಯಾಬಿನೆಟ್ಟನ್ನು ಮೇಜಿನಿಂದ ಇಳಿಸಿ, ಚಾಪೆಯ ಮೇಲೆ ಮಲಗಿಸಿ, ಪಕ್ಕದ ಬಾಗಿಲು ಬಿಚ್ಚಿ ಪರೀಕ್ಷೆ ಓಡಿಸಿದೆ. ಏನೂ ಆಗಲಿಲ್ಲ. ಮೊದಲು ಅನುಮಾನ ಬಂದದ್ದು ಮನೆಯ ಕರೆಂಟಿನ ಮೇಲೆ. ಬೀದಿಯಲ್ಲಿ ಪವರ್‌ಲೂಮುಗಳಿದ್ದವು, ವೋಲ್ಟೇಜ್ ಏರಿಳಿಯುತ್ತಿತ್ತು. ನನ್ನ ಅಂಗಡಿಯ ಒಳ್ಳೆಯ ಯುಪಿಎಸ್ ತಂದು ಹಾಕಿ, ಕ್ಯಾಬಿನೆಟ್ಟನ್ನು ಮತ್ತೆ ಮೇಜಿನ ಮೇಲೆ ಕೂರಿಸಿ ಬಂದೆ. ಮತ್ತೆ ಆರಿತು. ಎರಡನೆಯ ಅನುಮಾನ ಎಸ್‌ಎಂಪಿಎಸ್ ಮೇಲೆ. ಮನೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಹದ ಮಾಡಿ ಹಂಚುವ ಪೆಟ್ಟಿಗೆ ಅದು, ಈಗಿನ ಕ್ಯಾಬಿನೆಟ್ಟುಗಳಲ್ಲಿ ತಳದಲ್ಲಿ ಕೂತಿರುತ್ತದೆ. ಫಕ್ಕನೆ ಆರುವ ರೋಗ ಹೆಚ್ಚಾಗಿ ಅದರದ್ದೇ. ಇನ್ನೂ ದೊಡ್ಡ ತಾಕತ್ತಿನ ಹೊಸದನ್ನು ತಂದು ಹಾಕಿದೆ. ಅದೂ ಆರಿತು. ಎರಡೆರಡು ಕೆಡಲು ಸಾಧ್ಯವೇ ಎಂದು ಎಸ್‌ಎಂಪಿಎಸ್ಸನ್ನು ನಿರ್ದೋಷಿ ಎಂದು ಬಿಟ್ಟುಬಿಟ್ಟೆ.

ಉಳಿದದ್ದು ಪ್ರೊಸೆಸರ್. ಗುಣಕವನ್ನು ನಲವತ್ತೈದಕ್ಕೆ ಇಳಿಸಿದೆ. ಆರಿತು, ಆದರೆ ತಡವಾಗಿ ಆರಿತು. ಪೂರ್ತಿ ಮೊದಲಿನ ನಲವತ್ಮೂರಕ್ಕೆ ಇಳಿಸಿ, ಹೆಚ್ಚಿಸಿದ ವೋಲ್ಟೇಜನ್ನೂ ತೆಗೆದೆ. ಆರಲಿಲ್ಲ. ಅಲ್ಲಿಗೆ ನನ್ನ ಮಟ್ಟಿಗೆ ತೀರ್ಮಾನವಾಯಿತು, ತಪ್ಪು ಓವರ್‌ಕ್ಲಾಕಿನದೇ. ಆದರೆ ಆ ವೇಗಕ್ಕೆ ರೆಂಡರ್ ಮುಗಿಯುವುದು ಮತ್ತೆ ಕರೆಂಟು ಹೋದ ಮೇಲೆಯೇ. ಅವಳಿಗೆ ಅದರಿಂದ ಉಪಯೋಗವಿಲ್ಲ. ಮತ್ತೆ ಚಳ್ಳಕೆರೆಗೆ ಹೊತ್ತುಕೊಂಡು ಬಂದೆ, ನಲವತ್ತೇಳಕ್ಕೆ ಏರಿಸಿದೆ, ಎರಡು ದಿನ ಬಿಡದೆ ಓಡಿಸಿದೆ. ಆಡಿಸಿ ನೋಡು ಎನ್ನುವ ಹಾಗೆ ಓಡಿತು. ಒಂದು ಲೆಕ್ಕ ತಪ್ಪಲಿಲ್ಲ. ಕಂಬಳಿ ಸುತ್ತಿ ವಾಪಸು ಕೊಂಡುಹೋಗಿ ಕೂರಿಸಿದೆ. ನಾನು ಬಸ್ಸು ಹತ್ತುವುದರೊಳಗೆ ಫೋನು.

“ಅಣ್ಣಾ, ಮತ್ತೆ ಬಂದ್ ಆತು.”

ಆ ದಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಒಂದು ಚಿಪ್ಪನ್ನು ಬೈದಷ್ಟು ನಾನು ಯಾರನ್ನೂ ಬೈದಿಲ್ಲ. ಪಕ್ಕದಲ್ಲಿ ನಿಂತಿದ್ದ ಮುದುಕಿ, ಹೆಂಡತಿ ತವರಿಗೆ ಹೋಗಿದ್ದಾಳೇನಪ್ಪ ಎಂದು ಕನಿಕರದಿಂದ ಕೇಳಿದಳು.

ಆ ವಾರವೇ ಸ್ಟುಡಿಯೋದವರು ಅವಳಿಗೆ ಕೊನೆಯ ಮಾತು ಹೇಳಿದರು. ರಾಂಪುರದ ಒಂದು ದೊಡ್ಡ ಮನೆಯ ಮದುವೆ. ಹುಡುಗನ ಕಡೆಯವರು ಬೀಗರೂಟ ಇಟ್ಟುಕೊಂಡಿದ್ದರು, ಸಂಜೆ ಬೀಗರೆಲ್ಲ ಕೂತಿರುವಾಗ ದೊಡ್ಡ ಪರದೆಯ ಮೇಲೆ ಮದುವೆಯ ವಿಡಿಯೊ ತೋರಿಸಬೇಕು. ಕೊನೆಯ ಹಾರ್ಡ್ ಡಿಸ್ಕ್ ಅವಳ ಕೈಗೆ ಬರುವುದೇ ಹಿಂದಿನ ದಿನ. ಹೊತ್ತಿಗೆ ಸರಿಯಾಗಿ ಬರದಿದ್ದರೆ ಮುಂದಿನ ಮದುವೆಗಳ ಹಾರ್ಡ್ ಡಿಸ್ಕ್ ಬೇರೆಯವರ ಮನೆಗೆ ಹೋಗುತ್ತದೆ ಎಂದು ಸ್ಪಷ್ಟವಾಗಿ ಹೇಳಿದ್ದರು.

“ಮದುವೆಯಾಗಿ ಬಂದ ಮ್ಯಾಲೆ ಈ ಕೆಲ್ಸ ಬಿಡು ಅಂತ ಎಷ್ಟು ಜನ ಅಂದ್ರು ಗೊತ್ತಾ ಅಣ್ಣಾ,” ಅಂದಳು ಅವಳು ಫೋನಿನಲ್ಲಿ. ದನಿ ಎತ್ತರಿಸಲಿಲ್ಲ, ಅಳಲಿಲ್ಲ. “ನಮ್ಮ ಮಾವ ಒಬ್ರೇ, ಮಗ್ಗದ ಪಕ್ಕ ಜಾಗ ಮಾಡಿಕೊಟ್ಟು ಇಲ್ಲೇ ಕೂತು ಮಾಡಮ್ಮ ಅಂದ್ರು. ಈಗ ಇದೂ ಹೋದ್ರೆ ಅವರ ಮುಖ ನೋಡಾಕೆ ನಂಗೆ ಆಗಾಕಿಲ್ಲ.”

ಬೇರೆ ಪ್ರೊಸೆಸರ್ ತರಿಸಲು ಹೊತ್ತಿಲ್ಲ. ವೇಗ ಇಳಿಸಿದರೆ ಕರೆಂಟು ಕೈ ಕೊಡುತ್ತದೆ, ಏರಿಸಿದರೆ ಕಂಪ್ಯೂಟರ್ ಕೈ ಕೊಡುತ್ತದೆ. ಅಂಗಡಿಯಲ್ಲಿ ಕೂತು ಮಾಡಿದ್ದನ್ನೆಲ್ಲ ಮತ್ತೆ ತಲೆಯಲ್ಲಿ ಓಡಿಸಿದೆ. ಪ್ರತಿ ಸಲವೂ ನಾನು ಮಾಡಿದ ಮೊದಲ ಕೆಲಸ ಒಂದೇ. ಹೋದ ಕೂಡಲೇ ಅದನ್ನು ಜಾಗದಿಂದ ಎತ್ತುವುದು, ಮಲಗಿಸುವುದು, ಬಿಚ್ಚುವುದು. ಅದು ಇರುವ ಹಾಗೇ ಇರುವಾಗ ಏನಾಗುತ್ತದೆ ಎಂದು ನಾನು ಒಮ್ಮೆಯೂ ಎದುರು ಕೂತು ನೋಡಿರಲಿಲ್ಲ. ಇನ್ನು ಮೇಲೆ ಅದನ್ನು ಅಲ್ಲಾಡಿಸುವುದಿಲ್ಲ ಎಂದು ನಿಶ್ಚಯಿಸಿದೆ. ಸ್ಕ್ರೂ ಡ್ರೈವರಿನ ಚೀಲವನ್ನು ಬೇಕೆಂದೇ ಅಂಗಡಿಯಲ್ಲಿ ಬಿಟ್ಟು ಬೆಳಗಿನ ಬಸ್ಸು ಹತ್ತಿದೆ.

ಬೀಗರೂಟದ ದಿನ ಅದು. ಅವಳು ಎಡಿಟ್ ಮುಗಿಸುವ ಹೊತ್ತಿಗೆ ನಾನು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಿದ್ದೆ. ಗುಣಕ ನಲವತ್ತೇಳರಲ್ಲಿಯೇ ಇತ್ತು. ರೆಂಡರಿಗೆ ಮೊದಲು ನನ್ನ ಪರೀಕ್ಷೆಯ ಲೆಕ್ಕಗಳನ್ನು ಓಡಿಸಿದೆ. ಪರದೆಯ ಮೂಲೆಯಲ್ಲಿ ಪ್ರೊಸೆಸರಿನ ಬಿಸಿ ಎಷ್ಟೆಂದು ಅಂಕಿ ಓಡುತ್ತಿತ್ತು. ಅದನ್ನೇ ನೋಡುತ್ತಿದ್ದೆ. ಮುಚ್ಚಿದ ಕಿಟಕಿಯ ಮನೆಯಾದರೂ ನನ್ನ ಅಂಗಡಿಗಿಂತ ತಂಪೇ ಇತ್ತು. ಅಂಕಿ ನಾನು ಅಂಗಡಿಯಲ್ಲಿ ಕಂಡದ್ದಕ್ಕಿಂತ ಒಂದೆರಡು ಕಡಿಮೆಯೇ ತೋರಿಸುತ್ತಿತ್ತು. ಹಾಗಾದರೆ ಮಿತಿಮೀರಿ ಬಿಸಿಯಾಗುತ್ತಿರುವುದು ಪ್ರೊಸೆಸರ್ ಅಲ್ಲ. ಇಷ್ಟು ದಿನ ಸುಮ್ಮನೆ ಬೈಸಿಕೊಂಡ ಆ ಚಿಪ್ಪಿನ ಬಗ್ಗೆ ಆ ಕ್ಷಣ ನನಗೆ ನಿಜವಾಗಿಯೂ ಅಯ್ಯೋ ಅನಿಸಿತು.

ಯಜಮಾನರು ಲಾಳಿ ಆಡಿಸುತ್ತ, “ಹಂಗೆ ಕಣ್ಣು ಬಿಟ್ಕಂಡು ನೋಡಿದ್ರೆ ಅದು ಹೆದ್ರಿಕಂತೈತೆ ನಾಯನಾ,” ಅಂದರು. ನಾನು ನಗುವಷ್ಟರಲ್ಲಿ ಮೂಗಿಗೆ ಒಂದು ವಾಸನೆ ಬಂತು.

ಸುಟ್ಟ ವೈರಿನ ವಾಸನೆಯಲ್ಲ. ಅದು ನನಗೆ ಗುರುತು. ಇದು ಅದಕ್ಕಿಂತ ಹಳೆಯ ಗುರುತು. ಅವ್ವ ತೊಳೆದ ಉಣ್ಣೆಯನ್ನು ಬಂಡೆಯ ಮೇಲೆ ಹರವಿದಾಗ ಮಧ್ಯಾಹ್ನದ ಬಿಸಿಲಿಗೆ ಏಳುತ್ತಿದ್ದ ವಾಸನೆ. ಚಿಕ್ಕವನಿದ್ದಾಗ ಆ ಉಣ್ಣೆಯ ಗುಡ್ಡೆಯ ಮೇಲೆಯೇ ನಾನು ನಿದ್ದೆ ಹೋಗುತ್ತಿದ್ದೆನಂತೆ.

“ಈ ವಾಸ್ನೆ ಮೊದ್ಲೂ ಬರ್ತಿತ್ತಾ?” ಎಂದು ಕೇಳಿದೆ.

“ಬಂದ್ ಆಗೋಕೆ ಮುಂಚೆ ಯಾವಾಗ್ಲೂ ಬರ್ತೈತಣ್ಣ,” ಅಂದಳು ಅವಳು. “ಕಂಬಳಿ ಹೊಸದಲ್ಲ, ಅದಕ್ಕೆ ಅಂತ ಅನ್ಕಂಡಿದ್ದೆ.”

ನಾನು ಎದ್ದು ಕ್ಯಾಬಿನೆಟ್ಟಿನ ಅಡಿಗೆ ಬೆರಳು ತೂರಿಸಲು ನೋಡಿದೆ. ತೂರಲಿಲ್ಲ. ಕ್ಯಾಬಿನೆಟ್ಟಿನ ನಾಲ್ಕು ಗಿಡ್ಡ ಕಾಲುಗಳು ಕಂಬಳಿಯ ಮಡಿಕೆಯಲ್ಲಿ ಪೂರ್ತಿ ಹೂತು, ತಳ ಉಣ್ಣೆಗೆ ಅಂಟಿಕೊಂಡು ಕೂತಿತ್ತು. ಕಂಬಳಿಯ ಮಡಿಕೆಯೊಳಗೆ ಕೈ ಹಾಕಿದರೆ ಇಸ್ತ್ರಿ ಮಾಡಿ ಇಟ್ಟ ಹಾಗೆ ಬಿಸಿ. ಅಷ್ಟರಲ್ಲಿ ಪಟ್ಟನೆ ಎಲ್ಲವೂ ಆರಿತು.

ಎಸ್‌ಎಂಪಿಎಸ್ ಆ ಕ್ಯಾಬಿನೆಟ್ಟಿನಲ್ಲಿ ಗಾಳಿ ಎಳೆದುಕೊಳ್ಳುವುದು ತಳದಲ್ಲಿರುವ ಜಾಲರಿಯಿಂದ. ಆ ಜಾಲರಿಯ ಬಾಯಿಗೆ ನಾನೇ, ಭಕ್ತಿಯಿಂದ, ನಾಲ್ಕು ಮಡಿಕೆ ಕಂಬಳಿ ತುರುಕಿದ್ದೆ. ಬಿಲ್ಲು ಹಾಕುವ ಕಂಪ್ಯೂಟರುಗಳು ಎಳೆದುಕೊಳ್ಳುವ ಕರೆಂಟು ಅಷ್ಟಕ್ಕಷ್ಟೇ, ಅವಕ್ಕೆ ಮೂಗು ಮುಚ್ಚಿದ್ದರೂ ಬದುಕುತ್ತವೆ. ಹಳೆಯ ಕ್ಯಾಬಿನೆಟ್ಟುಗಳಲ್ಲಂತೂ ಆ ಪೆಟ್ಟಿಗೆ ಮೇಲೆ ಇರುತ್ತಿತ್ತು. ಓವರ್‌ಕ್ಲಾಕ್ ಮಾಡಿದ ಈ ಪ್ರೊಸೆಸರ್ ಮಾತ್ರ ಗಂಟೆಗಟ್ಟಲೆ ಹಸಿದವನಂತೆ ಎಳೆಯುತ್ತಿತ್ತು. ಎಸ್‌ಎಂಪಿಎಸ್ ಉಸಿರು ಕಟ್ಟಿ, ಸುಟ್ಟುಹೋಗುವ ಬದಲು ತನ್ನ ಪ್ರಾಣ ಉಳಿಸಿಕೊಳ್ಳಲು ತಾನೇ ಆಫ್ ಆಗುತ್ತಿತ್ತು. ನಾನು ಬಂದು ಎತ್ತಿ ಮಲಗಿಸಿದ ಕೂಡಲೇ ಉಸಿರು ಬರುತ್ತಿತ್ತು. ಹೊಸದು ತಂದು ಹಾಕಿದಾಗ ಅದನ್ನೂ ಅದೇ ಕಂಬಳಿಯ ಮೇಲೆ ಕೂರಿಸಿ ಉಸಿರು ಕಟ್ಟಿಸಿದ್ದೆ.

ನನಗೆ ನಗು ತಡೆಯಲಾಗಲಿಲ್ಲ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು, ಆಮೇಲೆ ಅವಳೂ ನಕ್ಕಳು. ಯಜಮಾನರು ಮಗ್ಗದಿಂದ ಎದ್ದು ಬಂದು ಬಗ್ಗಿ ನೋಡಿದರು.

“ಗದ್ದಿಗೆ ನೋಡಿ ಮೆಚ್ಕಂಡಿದ್ದು ನಾನು, ಹಾಸಿದ್ದು ನೀನು,” ಅಂದರು. “ಇಬ್ರೂ ಸೇರಿ ಅದರ ಬಾಯಿ ಕಟ್ಟಿದ್ವಲ್ಲೋ ನಾಯನಾ.”

ನಾನು ಕಂಬಳಿ ತೆಗೆಯಲು ಕೈ ಹಾಕಿದಾಗ ಅವರೇ ತಡೆದರು.

“ತಾಯಿ ಕೊಟ್ಟಿದ್ದು ತೆಗಿಬ್ಯಾಡ. ಉಂಡು,” ಎಂದು, ಇರು ಎನ್ನುವಂತೆ ಕೈ ತೋರಿಸಿ ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ಹಳೆಯ ಮಗ್ಗದಿಂದ ಬಿಚ್ಚಿಟ್ಟ ಎರಡು ಮರದ ಪಟ್ಟಿಗಳಿದ್ದವು. ಎಷ್ಟೋ ವರ್ಷ ಕೈಯಾಡಿ ನುಣುಪಾದ ಮರ. ಕಂಬಳಿಯ ಮೇಲೆ ಈ ಕಡೆಗೊಂದು ಆ ಕಡೆಗೊಂದು ಪಟ್ಟಿ ಇಟ್ಟು, ಅದರ ಮೇಲೆ ಕ್ಯಾಬಿನೆಟ್ ಕೂರಿಸಿದೆವು. ಕೆಳಗೆ ಈಗ ಮುಷ್ಟಿ ತೂರುವಷ್ಟು ಜಾಗ. ಜಾಲರಿಗೆ ಹತ್ತಿದ್ದ ಕರಿ ಉಣ್ಣೆಯ ಎಳೆಗಳನ್ನು ಅವಳು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ತೆಗೆದಳು.

ಎಸ್‌ಎಂಪಿಎಸ್ ತಣ್ಣಗಾಗುವವರೆಗೆ ಕಾದೆವು. ಆ ಕಾಯುವಿಕೆ ಅಂದಿನ ಕಷ್ಟದ ಕೆಲಸ. ಬೀಗರೂಟದ ಪರದೆ ಅಲ್ಲಿ ರಾಂಪುರದಲ್ಲಿ ಕಟ್ಟುತ್ತಿರಬೇಕು, ಇಲ್ಲಿ ನಾವು ಮೂವರು ಒಂದು ಪೆಟ್ಟಿಗೆಗೆ ಬೀಸಣಿಗೆ ಬೀಸುತ್ತಿದ್ದೆವು. ಕೊನೆಗೆ ಬಟನ್ ಒತ್ತಿದಾಗ ಎದ್ದಿತು. ನಲವತ್ತೇಳಕ್ಕೇ ಬಿಡಲೋ, ಇಂದಿನ ಮಟ್ಟಿಗೆ ಇಳಿಸಲೋ ಎಂದು ಅವಳು ನನ್ನ ಮುಖ ನೋಡಿದಳು. ನಾನು ಚಿಪ್ಪನ್ನು ಬೈದದ್ದು ನೆನಪಾಯಿತು. ಬಿಡು ಅಂದೆ. ಅವಳು ರೆಂಡರ್ ಒತ್ತಿದಳು.

ಯಜಮಾನರು ಮಗ್ಗಕ್ಕೆ ಹೋದರು. ಅವಳು ಅಕ್ಕಿ ಆರಿಸಲು ಕೂತಳು, ಆರಿಸಿದ್ದನ್ನೇ ಮತ್ತೆ ಆರಿಸಿದಳು. ನಾನು ಕ್ಯಾಬಿನೆಟ್ಟಿನ ಹಿಂದೆ ಅಂಗೈ ಹಿಡಿದು ಕೂತೆ. ಬಿಸಿಗಾಳಿ ಸಲೀಸಾಗಿ ಹೊರಗೆ ಬರುತ್ತಿತ್ತು. ಹಿಂದೆ ಆರುತ್ತಿದ್ದ ಜಾಗ ಬಂತು, ದಾಟಿತು. ಮಾಂಗಲ್ಯದ ಭಾಗ ದಾಟಿತು, ಅಕ್ಷತೆ ದಾಟಿತು, ಹುಡುಗಿಯನ್ನು ಕಳಿಸಿಕೊಡುವ ಭಾಗ ದಾಟಿತು. ಮುಗಿಯಿತು ಎಂದು ಪರದೆ ಹೇಳಿತು. ಅವಳು ಫೈಲನ್ನು ತೆರೆದು, ಅಲ್ಲಲ್ಲಿ ನಿಲ್ಲಿಸಿ, ಕೊನೆಯವರೆಗೂ ನೋಡಿದಳು. ಎಲ್ಲವೂ ಸರಿಯಿತ್ತು. ಪೆನ್‌ಡ್ರೈವಿಗೆ ಹಾಕಿ, ಆಗಷ್ಟೇ ಮನೆಗೆ ಬಂದಿದ್ದ ಗಂಡನ ಕೈಗೆ ಕೊಟ್ಟಳು, ಅವನು ಅದನ್ನು ಜೇಬಿನಲ್ಲಿ ಇಟ್ಟುಕೊಂಡು ಬೈಕಿನಲ್ಲಿ ರಾಂಪುರಕ್ಕೆ ಹೊರಟ. ಕರೆಂಟು ಹೋಗುತ್ತದೆಂದು ಇಷ್ಟೆಲ್ಲ ಹೆದರಿದ್ದೆವಲ್ಲ, ಅಂದು ಅದು ಹೋಗಲೇ ಇಲ್ಲ.

ಬಸ್ಸು ಹತ್ತುವ ಮೊದಲು ಅವಳು ಹೊರಗೆ ಬಂದು, “ಅಣ್ಣಾ, ನಿಮ್ಮವ್ವಗೆ ಬೈಬ್ಯಾಡ,” ಅಂದಳು. ದಾರಿಯುದ್ದಕ್ಕೂ ನಾನು ಅದನ್ನೇ ಯೋಚಿಸಿದೆ. ಬೈಯುವ ಮಾತಿರಲಿ, ಹೇಳುವುದು ಹೇಗೆ? ಕೊಳ್ಳುವವರಿಲ್ಲದ ಕಾಲದಲ್ಲಿ ಅವಳ ಕಂಬಳಿ ಮನೆಯಿಂದ ಹೊರಗೆ ಹೋಗುತ್ತಿದ್ದ ಒಂದೇ ದಾರಿ ನನ್ನ ಅಂಗಡಿ. ಮುಂದಿನ ಗಿರಾಕಿಗೂ ಇಂಥದ್ದೇ ಕಂಪ್ಯೂಟರ್ ಕಟ್ಟುವುದಿತ್ತು. ಹೇಳದೆ ಇದ್ದರೆ ಅವಳು ಕಂಬಳಿ ತಂದೇ ತರುತ್ತಾಳೆ.

ಮನೆಗೆ ಹೋದಾಗ ಅವ್ವ ಬಾಗಿಲಲ್ಲಿ ಕೂತು ಉಣ್ಣೆ ಬಿಡಿಸುತ್ತಿದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಕೈ ನಿಲ್ಲಿಸದೆ ಕೇಳಿದಳು.

“ಕೆಳಗಿಂದ ಉಸಿರು ತಗಂತೈತಾ ಅದು?”

“ಹೂಂ ಅವ್ವ.”

“ಇಷ್ಟು ವರ್ಷ ಆತು, ಅದು ಉಸಿರಾಡ್ತೈತಿ ಅಂತ ನಂಗೆ ಒಂದ್ಸಲನೂ ಹೇಳ್ಲಿಲ್ವಲ್ಲೋ ನೀನು. ಮುಚ್ಚಿ ಇಡೋ ಪೆಟ್ಟಿಗೆ ಅನ್ಕಂಡಿದ್ದೆ.”

ನಾನು ಅವಳ ಪಕ್ಕ ಬಂದು ಕೂತೆ. ಅವಳು ಅದಕ್ಕೆ ಕಾಲು ಎಷ್ಟು ಎಂದು ಕೇಳಿದಳು. ನಾಲ್ಕು ಅಂದೆ. ಎಷ್ಟು ದಪ್ಪ ಎಂದು ಕೇಳಿದಳು. ಹೆಬ್ಬೆರಳು ತೋರಿಸಿದೆ. 

ಮಾರನೆಯ ದಿನ ಅಂಗಡಿಗೆ ಬಂದು ಮೇಜಿನ ಮೇಲೆ ನಾಲ್ಕು ಸಿಂಬಿ ಇಟ್ಟಳು. ಬಿಂದಿಗೆ ಹೊರುವಾಗ ಹೆಂಗಸರು ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿಗೆ ನಮ್ಮಲ್ಲಿ ಸಿಂಬಿ ಎನ್ನುತ್ತಾರೆ. ಇವು ಅಂಗೈಯಗಲದವು, ಕಂಬಳಿಯ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಉಣ್ಣೆ ದಾರದಲ್ಲಿ ಒತ್ತಾಗಿ ಹೊಲಿದಿದ್ದಳು. ಮುಷ್ಟಿಯಿಂದ ಗುದ್ದಿದರೂ ಕುಗ್ಗದಷ್ಟು ಗಟ್ಟಿ. ಕಟ್ಟಿ ಮುಗಿಸಿದ್ದ ಹೊಸ ಕಂಪ್ಯೂಟರಿನ ನಾಲ್ಕು ಕಾಲನ್ನು ನಾಲ್ಕು ಸಿಂಬಿಯ ಮೇಲೆ ಇಟ್ಟೆ. ತಳ ಮೇಜಿನಿಂದ ಚೆನ್ನಾಗಿ ಎತ್ತರಕ್ಕೆ ಬಂತು. ಫ್ಯಾನಿನ ಗುಂಯ್ ಎನ್ನುವ ಸದ್ದು ಮೇಜಿಗೆ ಇಳಿಯುವುದೂ ನಿಂತಿತು.

“ಓಡ್ಸು ನೋಡಾನ,” ಅಂದಳು.

ಕಷ್ಟದ ಲೆಕ್ಕಗಳನ್ನು ಓಡಿಸಿದೆ. ಅವ್ವ ಕುರ್ಚಿ ಎಳೆದುಕೊಂಡು ಕೂತಳು. ಸೆರಗಿಗೆ ಅಂಟಿದ್ದ ಒಂದು ಎಳೆ ಉಣ್ಣೆಯನ್ನು ಕಿತ್ತು, ಎರಡು ಬೆರಳಲ್ಲಿ ಹಿಡಿದು, ನಾನು ಬೇಡ ಅನ್ನುವುದರೊಳಗೆ ಕ್ಯಾಬಿನೆಟ್ಟಿನ ಅಡಿಗೆ ಒಯ್ದಳು. ಎಳೆ ತಾನಾಗಿಯೇ ಮೇಲಕ್ಕೆ ಎದ್ದು ಜಾಲರಿಗೆ ಹತ್ತಿಕೊಂಡಿತು.

“ತಗಂತೈತೆ ಕಣಪ್ಪ,” ಅಂದಳು. ಆಮೇಲೆ ಬಗ್ಗಿ, ಕಷ್ಟಪಟ್ಟು, ಆ ಎಳೆಯನ್ನು ತಾನೇ ಬಿಡಿಸಿ ತೆಗೆದಳು.